‘ಇಲ್ಲದ’ ದಾಖಲೆ ಹುಡುಕೋದು: ಫೆಚ್‌ಎಕ್ಸ್‌ಎಂಎಲ್ ಜೊತೆ ನನ್ನ ಅನುಭವ

ಗ್ರಾಹಕರ ಮಾಹಿತಿ ನಿರ್ವಹಿಸುವ ಮೈಕ್ರೋಸಾಫ್ಟ್‌ನ ಡೈನಾಮಿಕ್ಸ್ 365ರಲ್ಲಿ ಕೆಲಸ ಮಾಡುವವರಿಗೆ ಇಂಥ ಕೋರಿಕೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ: "ಕಳೆದ 90 ದಿನದಲ್ಲಿ ಒಂದೂ ಹೊಸ ಆಪರ್ಚುನಿಟಿ (ಮಾರಾಟದ ಅವಕಾಶದ ದಾಖಲೆ) ಇಲ್ಲದ ಗ್ರಾಹಕರ ಪಟ್ಟಿ ಬೇಕು." ಇರುವುದನ್ನು ಹುಡುಕೋದು ಸುಲಭ. ಇಲ್ಲದ್ದನ್ನು ಹುಡುಕೋಕೆ ಸ್ವಲ್ಪ ತಲೆ ಓಡಿಸಬೇಕು. ಡೈನಾಮಿಕ್ಸ್‌ನಿಂದ ದಾಖಲೆ ಕೇಳಿ ಪಡೆಯಲು ಎಕ್ಸ್‌ಎಂಎಲ್ ರೂಪದಲ್ಲಿ ಬರೆಯುವ ಭಾಷೆಯೇ ಫೆಚ್‌ಎಕ್ಸ್‌ಎಂಎಲ್. ಅದು ನನಗೆ ನಿಜವಾಗಿ ಅರ್ಥವಾಗಿದ್ದು ಈ ಕ್ವೆರಿ (ಹುಡುಕಾಟದ ಆದೇಶ) ಬರೆಯುವಾಗ. ಹಾಗಾಗಿ ಅದನ್ನೇ ಹಿಡಿದು ಹೇಳುತ್ತೇನೆ.

ಮೊದಲ ಸಾಲುಗಳನ್ನು ನಾನು ಕೈಯಲ್ಲಿ ಟೈಪ್ ಮಾಡುವುದಿಲ್ಲ. ಸ್ಕ್ರೀನಿನಲ್ಲೇ ಫಿಲ್ಟರ್ ಹಾಕಿ, ಡೌನ್‌ಲೋಡ್ ಫೆಚ್‌ಎಕ್ಸ್‌ಎಂಎಲ್ ಒತ್ತಿದರೆ ಹಂದರ ಸಿಗುತ್ತದೆ. ಟೇಬಲ್, ಕಾಲಂಗಳ ಒಳಹೆಸರು ಹುಡುಕುವ ತಾಪತ್ರಯ ಅಲ್ಲಿಗೆ ಮುಗಿಯಿತು. ಆಮೇಲೆ ಅದನ್ನು ಎಕ್ಸ್‌ಆರ್‌ಎಂ ಟೂಲ್‌ಬಾಕ್ಸ್ ಎಂಬ ಸಲಕರಣೆ ತಂತ್ರಾಂಶದ ಫೆಚ್‌ಎಕ್ಸ್‌ಎಂಎಲ್ ಬಿಲ್ಡರ್‌ಗೆ ಹಾಕಿ ತಿದ್ದುತ್ತೇನೆ. ಹೊರಗೆ ಫೆಚ್ ಟ್ಯಾಗ್, ಅದರೊಳಗೆ ಅಕೌಂಟ್ (ಗ್ರಾಹಕ) ಹೆಸರಿನ ಎಂಟಿಟಿ, ಅಂದರೆ ಟೇಬಲ್, ಅದರೊಳಗೆ ಬೇಕಾದ ಅಟ್ರಿಬ್ಯೂಟ್‌ಗಳು, ಅಂದರೆ ಕಾಲಂಗಳು, ಮತ್ತು ಒಂದು ಫಿಲ್ಟರ್. ಸ್ಟೇಟ್‌ಕೋಡ್ 0 ಅಂದರೆ ಆಕ್ಟಿವ್ ಅಕೌಂಟ್. ಇಷ್ಟಕ್ಕೇ ಒಮ್ಮೆ ಓಡಿಸಿ ಫಲಿತಾಂಶ ನೋಡುತ್ತೇನೆ.

ಮುಂದಿನದು ಲಿಂಕ್-ಎಂಟಿಟಿ, ಅಂದರೆ ಎರಡು ಟೇಬಲ್ ಜೋಡಿಸುವ ಜಾಯಿನ್. ಇದರಲ್ಲಿ ‘ಫ್ರಮ್’, ‘ಟು’ ಎಂಬ ಎರಡು ಗುಣಗಳಿವೆ. ಅವು ಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಭಾಷೆ ರೂಢಿಯಾದವರಿಗೆ ತಿರುಗುಮುರುಗಾಗಿ ಕಾಣುತ್ತವೆ. ‘ಫ್ರಮ್’ ಅನ್ನುವುದು ಹೊಸದಾಗಿ ಸೇರಿಸುತ್ತಿರುವ ಟೇಬಲಿನ ಕಾಲಂ. ‘ಟು’ ಅನ್ನುವುದು ಹೊರಗಿನ ಟೇಬಲಿನದು. ನಮ್ಮ ಕ್ವೆರಿಯಲ್ಲಿ ಫ್ರಮ್ ಎದುರು ಆಪರ್ಚುನಿಟಿಯ ಪೇರೆಂಟ್‌ಅಕೌಂಟ್‌ಐಡಿ, ಟು ಎದುರು ಅಕೌಂಟ್‌ಐಡಿ. ಒಳಗಿನಿಂದ ಹೊರಕ್ಕೆ ಓದಿದರೆ ಗೊಂದಲ ಆಗುವುದಿಲ್ಲ. ಲಿಂಕ್‌ಗೆ ‘ಆಪ್’ ಅಂತ ಒಂದು ಅಲಿಯಾಸ್ (ಅಡ್ಡಹೆಸರು) ಕೊಟ್ಟೆ. ಲಿಂಕ್-ಟೈಪ್ ಔಟರ್, ಅಂದರೆ ಜೋಡಿ ಸಿಗದ ಅಕೌಂಟ್‌ಗಳೂ ಉಳಿಯುತ್ತವೆ. ಏನೂ ಹೇಳದಿದ್ದರೆ ಅದು ಇನ್ನರ್ ಆಗುತ್ತದೆ. ಆಗ ಆಪರ್ಚುನಿಟಿ ಇಲ್ಲದ ಅಕೌಂಟ್‌ಗಳು ಬರುವುದೇ ಇಲ್ಲ. ನಮಗೆ ಬೇಕಾದವರು ಅವರೇ ಅಲ್ವಾ?

ಈಗ ಷರತ್ತುಗಳು. ಇಲ್ಲಿ ಎರಡು ಬೇಕು, ಎರಡೂ ಬೇರೆ ಬೇರೆ ಜಾಗದಲ್ಲಿ ಕೂರಬೇಕು. ‘ಕ್ರಿಯೇಟೆಡ್‌ಆನ್ (ದಾಖಲೆ ಹುಟ್ಟಿದ ತಾರೀಖು) ಕಳೆದ 90 ದಿನದೊಳಗೆ’ ಎಂಬ ಷರತ್ತು ಲಿಂಕ್-ಎಂಟಿಟಿಯ ಒಳಗೆ. ಇದಕ್ಕೆ ಲಾಸ್ಟ್-ಎಕ್ಸ್-ಡೇಸ್ ಎಂಬ ಆಪರೇಟರ್ ಇದೆ, ವ್ಯಾಲ್ಯೂ 90 ಅಂದರೆ ಸಾಕು. ತಾರೀಖು ಲೆಕ್ಕ ಹಾಕುವ ಕೋಡ್ ಬರೆಯಬೇಕಿಲ್ಲ. ಫೆಚ್‌ಎಕ್ಸ್‌ಎಂಎಲ್‌ನಲ್ಲಿ ನನಗೆ ತುಂಬಾ ಇಷ್ಟವಾದದ್ದು ಇಂಥ ಆಪರೇಟರ್‌ಗಳೇ. ಲಾಗಿನ್ ಆದ ಬಳಕೆದಾರರ ದಾಖಲೆಗಳಷ್ಟೇ ಬೇಕಿದ್ದರೆ ಇಕ್ಯೂ-ಯೂಸರ್‌ಐಡಿ ಕೂಡ ಇದೆ.

ಎರಡನೆಯ ಷರತ್ತು ಲಿಂಕ್‌ನ ಹೊರಗೆ, ಅಕೌಂಟಿನ ಫಿಲ್ಟರ್‌ನಲ್ಲಿ. ಎಂಟಿಟಿನೇಮ್ ‘ಆಪ್’, ಅಟ್ರಿಬ್ಯೂಟ್ ಆಪರ್ಚುನಿಟಿಐಡಿ, ಆಪರೇಟರ್ ನಲ್ (ಖಾಲಿ). ಜೋಡಿ ಸಿಗದೆ ಉಳಿದ ಅಕೌಂಟ್‌ಗಳನ್ನಷ್ಟೇ ಇದು ಇಟ್ಟುಕೊಳ್ಳುತ್ತದೆ. ಈ ಎರಡು ಷರತ್ತುಗಳ ಜಾಗ ಬದಲಾದರೆ ಎರರ್ ಬರುವುದಿಲ್ಲ, ಅದೇ ತೊಂದರೆ. ತಾರೀಖಿನ ಷರತ್ತನ್ನೂ ಹೊರಗಿಟ್ಟರೆ, ನಲ್ ಆದ ಸಾಲಿನಲ್ಲೇ ತಾರೀಖು ಕೇಳಿದಂತಾಗುತ್ತದೆ. ಪಟ್ಟಿ ಪೂರ್ತಿ ಖಾಲಿ ಬರುತ್ತದೆ, ನೋಡಿದವರು "ಓ, ಎಲ್ಲ ಗ್ರಾಹಕರೂ ಚುರುಕಾಗಿದ್ದಾರೆ" ಅಂದುಕೊಳ್ಳುತ್ತಾರೆ. ಅದಕ್ಕೇ ಉತ್ತರ ಮೊದಲೇ ಗೊತ್ತಿರುವ ಅಕೌಂಟ್‌ಗಳನ್ನು ಎದುರಿಗಿಟ್ಟುಕೊಂಡು ಪರೀಕ್ಷೆ ಮಾಡುತ್ತೇನೆ: ಹೊಸ ಆಪರ್ಚುನಿಟಿ ಇರುವುದೊಂದು, ಹಳೆಯದು ಮಾತ್ರ ಇರುವುದೊಂದು, ಏನೂ ಇಲ್ಲದ್ದು ಇನ್ನೊಂದು. ಕೊನೆಯ ಎರಡು ಬರಬೇಕು, ಮೊದಲನೆಯದು ಬರಬಾರದು.

ಈಗ ಲಿಂಕ್-ಟೈಪ್ ‘ನಾಟ್ ಎನಿ’ ಅಂತಲೂ ಇದೆ. ಅದರಲ್ಲಿ ಲಿಂಕ್-ಎಂಟಿಟಿಯೇ ಫಿಲ್ಟರ್ ಒಳಗೆ ಕೂರುತ್ತದೆ, ನಲ್ ಷರತ್ತು ಬೇಕಿಲ್ಲ. ಓದಲು ಚೆನ್ನಾಗಿದೆ. ಆದರೂ ಬೇರೆಯವರು ಬರೆದ ಹಳೆಯ ವ್ಯೂ, ರಿಪೋರ್ಟ್‌ಗಳಲ್ಲಿ ಔಟರ್ ದಾರಿಯೇ ಜಾಸ್ತಿ ಕಾಣುತ್ತದೆ, ಹಾಗಾಗಿ ಅದು ಗೊತ್ತಿರಲೇಬೇಕು.

ಕ್ವೆರಿ ಸರಿಯಾದ ಮೇಲೆ ಪ್ರಮಾಣದ ಪ್ರಶ್ನೆ. ಸಾಮಾನ್ಯ ಟೇಬಲ್‌ಗಳಲ್ಲಿ ಒಂದು ಪುಟಕ್ಕೆ ಹೆಚ್ಚೆಂದರೆ 5,000 ಸಾಲು ಬರುತ್ತವೆ. ಮುಂದಿನ ಪುಟಕ್ಕೆ ಪುಟದ ಸಂಖ್ಯೆಯ ಜೊತೆ ಪೇಜಿಂಗ್ ಕುಕಿಯನ್ನೂ (ಹಿಂದಿನ ಪುಟ ಎಲ್ಲಿ ನಿಂತಿತೆಂದು ಹೇಳುವ ಗುರುತು) ಕಳಿಸುತ್ತೇನೆ. ಹೆಸರಿನ ಪ್ರಕಾರ ವಿಂಗಡಿಸಿದ್ದರೆ ಎರಡನೆಯ ಆರ್ಡರ್ ಆಗಿ ಅಕೌಂಟ್‌ಐಡಿ ಸೇರಿಸುತ್ತೇನೆ. ಒಂದೇ ಹೆಸರಿನ ಎರಡು ಅಕೌಂಟ್ ಇದ್ದಾಗ ಒಂದು ಪುಟದಿಂದ ಇನ್ನೊಂದಕ್ಕೆ ಸಾಲು ಜಾರದಿರಲಿ ಅಂತ.

ಅಗ್ರಿಗೇಟ್ (ಮೊತ್ತ, ಎಣಿಕೆ, ಸರಾಸರಿಯಂಥ ಲೆಕ್ಕ) ಮಾಡುವಾಗ ಮಿತಿ 50,000 ದಾಖಲೆ. ದಾಟಿದರೆ ಅರ್ಧ ಉತ್ತರ ಬರುವುದಿಲ್ಲ, ಎರರ್ರೇ ಬರುತ್ತದೆ. ಅದು ಒಳ್ಳೆಯದೇ. ಆಗ ಕ್ವೆರಿಯನ್ನು ತಿಂಗಳು ತಿಂಗಳಿಗೆ ಒಡೆದು, ಬಂದ ಮೊತ್ತಗಳನ್ನು ಕೋಡ್‌ನಲ್ಲಿ ಕೂಡುತ್ತೇನೆ. ಸರಾಸರಿ ಬೇಕಿದ್ದರೆ ಮೊತ್ತ, ಎಣಿಕೆ ಎರಡನ್ನೂ ತರಿಸಿ ಕೊನೆಗೆ ಭಾಗಿಸಬೇಕು. ಸರಾಸರಿಗಳ ಸರಾಸರಿ ತೆಗೆದರೆ ಲೆಕ್ಕ ತಪ್ಪುತ್ತದೆ. ಇನ್ನೊಂದು ಸಂಗತಿ: ಕೌಂಟ್ ಎಲ್ಲ ಸಾಲನ್ನೂ ಎಣಿಸುತ್ತದೆ, ಕೌಂಟ್‌ಕಾಲಂ ಮಾತ್ರ ಖಾಲಿ ಬಿಟ್ಟವನ್ನು ಎಣಿಸುವುದಿಲ್ಲ.

ಸಿ ಶಾರ್ಪ್ ಕೋಡ್‌ನಲ್ಲಿ ಓದುವಾಗ ಎರಡು ವಿಷಯ ನೆನಪಿಟ್ಟುಕೊಂಡಿರುತ್ತೇನೆ. ವ್ಯಾಲ್ಯೂ ಇಲ್ಲದ ಕಾಲಂ ಫಲಿತಾಂಶದಲ್ಲಿ ಇರುವುದೇ ಇಲ್ಲ, ಹಾಗಾಗಿ ಇದೆಯಾ ಎಂದು ಕೇಳಿಯೇ ಮುಟ್ಟಬೇಕು. ಲಿಂಕ್ ಮಾಡಿದ ಟೇಬಲಿನ ಕಾಲಂ ಅಲಿಯಾಸ್ಡ್‌ವ್ಯಾಲ್ಯೂ ಎಂಬ ಹೊದಿಕೆಯೊಳಗೆ ಬರುತ್ತದೆ, ಅದನ್ನು ಬಿಚ್ಚಬೇಕು.

ಬಳಕೆದಾರರು ಟೈಪ್ ಮಾಡಿದ ಹೆಸರನ್ನು ಕ್ವೆರಿಗೆ ಸುಮ್ನೆ ಅಂಟಿಸಬೇಡಿ. ಕಂಪನಿ ಹೆಸರುಗಳಲ್ಲಿ ಆಂಪರ್‌ಸ್ಯಾಂಡ್ (&) ಚಿಹ್ನೆ ಮಾಮೂಲಿ, ಅದೊಂದು ಸಾಕು ಇಡೀ ಎಕ್ಸ್‌ಎಂಎಲ್ ಮುರಿಯಲು. ಹೆಸರನ್ನು ಎಸ್ಕೇಪ್ ಮಾಡಿಯೇ, ಅಂದರೆ ಅಂಥ ಚಿಹ್ನೆಗಳನ್ನು ಎಕ್ಸ್‌ಎಂಎಲ್ ಒಪ್ಪುವ ರೂಪಕ್ಕೆ ಬದಲಿಸಿಯೇ ವ್ಯಾಲ್ಯೂಗೆ ಹಾಕಿ. ವೆಬ್ ಎಪಿಐ ಮೂಲಕ ವೆಬ್ ವಿಳಾಸದಲ್ಲೇ (ಯುಆರ್‌ಎಲ್) ಕಳಿಸುವುದಾದರೆ ಇಡೀ ಕ್ವೆರಿಯನ್ನು ಮತ್ತೊಮ್ಮೆ ಎನ್‌ಕೋಡ್ ಮಾಡಬೇಕಾಗುತ್ತದೆ.