20ನೇ ತಾರೀಕಿಗೇ ಸಂಬಳ ಖಾಲಿಯಾಗುವ ಜೋಡಿಗಳಿಗೆ

ಹೊಸದಾಗಿ ಸಂಸಾರ ಹೂಡಿದವರಿಗೆ ಒಂದು ಸಲಹೆ. ಬಾಡಿಗೆ, ಇಎಂಐ, ಚೀಟಿ ಕಂತು ಹೇಗೂ ಲೆಕ್ಕದಲ್ಲಿರುತ್ತವೆ. ದುಡ್ಡು ಸೋರುವುದು ಯುಪಿಐನಲ್ಲಿ. ಇಲ್ಲಿ 30, ಅಲ್ಲಿ 80 ಅಂತ ಸ್ಕ್ಯಾನ್ ಮಾಡುತ್ತಾ ಹೋದರೆ ಗೊತ್ತೇ ಆಗಲ್ಲ. ಸಂಬಳದ ಖಾತೆಯನ್ನು ಯುಪಿಐನಿಂದ ತೆಗೆದುಬಿಡಿ. ಖರ್ಚಿಗೆ ಅಂತಲೇ ಇನ್ನೊಂದು ಖಾತೆ ಇಟ್ಟು, ಪ್ರತಿ ಸೋಮವಾರ ಆ ವಾರದ ದುಡ್ಡು ಮಾತ್ರ ಹಾಕಿ. ತಿಂಗಳ ಲೆಕ್ಕಕ್ಕಿಂತ ವಾರದ ಲೆಕ್ಕವೇ ವಾಸಿ. ಶುಕ್ರವಾರ ಬರಿದಾದರೂ ಎರಡು ದಿನ ಅನ್ನ, ತಿಳಿಸಾರಿನಲ್ಲಿ ತಳ್ಳಬಹುದು, ಅಲ್ವಾ?

ಗೃಹಜ್ಯೋತಿ ಇದ್ದರೆ ಮೀಟರ್ ಮೇಲೆ ಕಣ್ಣಿಡಿ. ತಿಂಗಳಿಗೆ 200 ಯೂನಿಟ್ ದಾಟಿತೋ, ಹೆಚ್ಚಾದಷ್ಟಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಕಾದರೆ 1 ಯೂನಿಟ್ ಹೋಯಿತು. ಹಾಗಾಗಿ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿಬಿಡಿ.

ಮನೆಯಲ್ಲಿ ಹಿರಿಯರ ಬಿಪಿ, ಶುಗರ್ ಮಾತ್ರೆ ಇದ್ದರೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಡಾಕ್ಟರ್ ಹತ್ತಿರ ಜೆನೆರಿಕ್ ಹೆಸರು, ಅಂದರೆ ಕಂಪನಿಯ ಬ್ರ್ಯಾಂಡ್ ಅಲ್ಲ, ಔಷಧದ ಮೂಲ ಹೆಸರು ಬರೆಸಿಕೊಂಡು ಹೋಗಿ.

ಇನ್ನೊಂದು ಮಾತು. ಇಬ್ಬರಿಗೂ ಲೆಕ್ಕ ಕೊಡಬೇಕಿಲ್ಲದ ಸ್ವಂತ ದುಡ್ಡು ಒಂದಿಷ್ಟು ಇರಲಿ. 500 ಆದರೂ ಸಾಕು. ಇಲ್ಲದಿದ್ದರೆ ಒಂದು ಪ್ಲೇಟ್ ಗೋಬಿಗೂ ಸುಮ್ನೆ ಜಗಳ.