ಮಳೆಗಾಲದಲ್ಲೂ ಚಟ್ಟಿಯಲ್ಲಿ (ಕುಂಡದಲ್ಲಿ) ಉಡುಪಿಯ ಶಂಕರಪುರ ಮಲ್ಲಿಗೆ: ನನ್ನ ಅನುಭವ

"ತಾರಸಿಯಲ್ಲಿ, ಅದೂ ಮಳೆಗಾಲದಲ್ಲಿ ಮಲ್ಲಿಗೆಯಾ? ಸುಮ್ನೆ ದುಡ್ಡು ಹಾಳು" ಅಂದಿದ್ದರು ನಮ್ಮ ಹೂವಿನವರು. ಹೋದ ನಾಗರ ಪಂಚಮಿಯ ಹಿಂದಿನ ದಿನ ಅವರ ಕೈಗೇ ಒಂದೂವರೆ ಚೆಂಡು ಕೊಟ್ಟೆ. ಅವತ್ತು ಅಟ್ಟೆಗೆ 2,000ದ ಆಸುಪಾಸು ರೇಟು. ಚೆಂಡು ಅಂದರೆ ಕಟ್ಟಿದ 800 ಮೊಗ್ಗು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಲೆಕ್ಕ ನೀವೇ ಹಾಕಿಕೊಳ್ಳಿ.

ಮೊದಲ ವರ್ಷ 25 ಚಟ್ಟಿ ಇಟ್ಟಿದ್ದೆ. ತೆಂಗಿನ ನಾರಿನ ಪುಡಿ ಜಾಸ್ತಿ ಹಾಕಿ ಕೆಟ್ಟೆ. ಜುಲೈ ಮಳೆಗೆ ಬೇರು ಕೊಳೆತು 16 ಗಿಡ ಹೋದವು. ಸುಮಾರು ಆರು ಸಾವಿರ ನೀರಿಗೆ ಬಿತ್ತು. ಮರುವರ್ಷ ಮಳೆ ತಡೆಯಲು ಹಸಿರು ನೆಟ್ ಕಟ್ಟಿಸಿದೆ. ಎಲೆ ಚೆನ್ನಾಗಿ ಬಂತು, ಹೂವೇ ಇಲ್ಲ. ಮಲ್ಲಿಗೆಗೆ ಬೆಳಕು ಬೇಕೇ ಬೇಕು, ಗೊತ್ತಿದ್ದೂ ತಪ್ಪು ಮಾಡಿದೆ.

ಆಮೇಲೆ 18 ಸಾವಿರ ಕೊಟ್ಟು ಬೆಳಕು ಹಾಯುವ ಶೀಟ್ ಹಾಕಿಸಿದೆ. ಈಗ 40 ಚಟ್ಟಿ. ಕೆಂಪು ಮಣ್ಣು, ಸುಡುಮಣ್ಣು, ಹಳೇ ಸಗಣಿ ಗೊಬ್ಬರ, ತಳಕ್ಕೆ ಹೆಂಚಿನ ಚೂರು. ಜೂನ್ ಮೊದಲ ವಾರ ಗಿಡವನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ ಎಲೆ ಎಲ್ಲ ತೆಗೆದೆ. ವಾರ ನೀರು ಕೊಡಲಿಲ್ಲ. ನಂತರ ಕಡಲೆ ಹಿಂಡಿ ನೆನೆಸಿದ ನೀರು. ಅದರಲ್ಲಿ ಇನ್ನೊಂದು ವಸ್ತು ಸೇರಿಸುತ್ತೇನೆ, ಅದು ಮಾತ್ರ ಸದ್ಯಕ್ಕೆ ನನ್ನಲ್ಲೇ ಇರಲಿ. ಚಿಗುರು ಬಂದಂತೆ ತುದಿ ಚಿವುಟುತ್ತಾ ಹೋದೆ. ಕವಲು ಹೆಚ್ಚಿದಷ್ಟೂ ಮೊಗ್ಗು ಹೆಚ್ಚು, ಅಲ್ವಾ? 50 ದಿನದ ಹೊತ್ತಿಗೆ ಕೊಯ್ಲು ಶುರು.

ಕಾಟ ಕೊಟ್ಟಿದ್ದು ಮೊಗ್ಗು ಕೊರೆಯುವ ಹುಳು. ಬಿಳಿ ಮೊಗ್ಗು ನಸು ನೇರಳೆಗೆ ತಿರುಗಿರುತ್ತದೆ. ಪಕ್ಕದಲ್ಲಿ ಸೂಜಿ ಚುಚ್ಚಿದಷ್ಟು ತೂತು. ಒಡೆದರೆ ಒಳಗೆ ಹಸಿರು ಮರಿಹುಳು. ಬೇವಿನೆಣ್ಣೆ ಹೊಡೆದೆ, ಅರ್ಧ ಕೆಲಸ ಮಾಡಿತು. ಅಂಥ ಮೊಗ್ಗು ಆರಿಸಿ ಸುಟ್ಟ ಮೇಲೇ ಹತೋಟಿಗೆ ಬಂತು. ಹುಳಿ ಮಜ್ಜಿಗೆಯನ್ನೂ ಐದು ಚಟ್ಟಿಗೆ ಹೊಡೆದು ನೋಡಿದೆ. ಏನೂ ವ್ಯತ್ಯಾಸ ಕಾಣಲಿಲ್ಲ.

ಬೆಳಗ್ಗೆ ಆರಕ್ಕೆ ಟಾರ್ಚ್ ಹಿಡಿದು ಕೊಯ್ಯುತ್ತೇನೆ. ಅತ್ತೆ ಬಾಳೆನಾರಿನಲ್ಲಿ ಕಟ್ಟಿಕೊಡುತ್ತಾರೆ. ಅವರ ಕೈ ಓಡುವ ವೇಗಕ್ಕೆ ನಾನು ಮೊಗ್ಗು ಜೋಡಿಸಿಕೊಡುವುದೇ ಕಷ್ಟ. ಶ್ರಾವಣ ಒಂದರಲ್ಲೇ ಒಂಬತ್ತು ಸಾವಿರದಷ್ಟು ಬಂತು. ಏಪ್ರಿಲ್‌ನಲ್ಲಿ ಇದರ ಮೂರರಷ್ಟು ಹೂ ಕೊಯ್ದರೂ ಇಷ್ಟು ದುಡ್ಡು ನೋಡಿರಲಿಲ್ಲ.

ಈ ಸಲ ಹತ್ತು ಚಟ್ಟಿಯನ್ನು ಬೇಕೆಂದೇ ಒಂದು ತಿಂಗಳು ತಡವಾಗಿ ಕತ್ತರಿಸಿದ್ದೇನೆ. ಚೌತಿಗೆ ಹೂ ಸಿಗಬೇಕು. ನಿನ್ನೆ ನೋಡಿದೆ, ತುದಿಗಳಲ್ಲಿ ಸಾಸಿವೆಯಷ್ಟು ಮೊಗ್ಗು ಮೂಡಿದೆ.