ಐದು ಟರ್ನಿನ ಮಳೆ: ನನ್ನ ಪೊಕೆಮಾನ್ ತಂಡವನ್ನು ನಾನು ಕಟ್ಟಿದ ಬಗೆ

ಕಾಲ್ಪನಿಕ ಜೀವಿಗಳನ್ನು ಕಾದಾಡಿಸುವ ವಿಡಿಯೋ ಗೇಮ್ ಆದ ಪೊಕೆಮಾನ್‌ನ ಸ್ಪರ್ಧೆಗೆಂದು ತಂಡ ಕಟ್ಟಲು ಕೂತವರು ಸಾಮಾನ್ಯವಾಗಿ ಬಲಶಾಲಿಯಾದ ಆರು ಪೊಕೆಮಾನ್‌ಗಳನ್ನು ಆರಿಸಿ, ಆಮೇಲೆ ಅವುಗಳನ್ನು ಹೇಗೆ ಆಡಿಸುವುದೆಂದು ಯೋಚಿಸುತ್ತಾರೆ. ನಾನು ಮೊದಲು ಹಾಳೆಯ ಮೇಲೆ ಬರೆದುಕೊಂಡದ್ದು ಪೊಕೆಮಾನ್ ಹೆಸರನ್ನಲ್ಲ, ಒಂದು ಅವಧಿಯನ್ನು. ಆಟದಲ್ಲಿ ಮಳೆ ಬಂದರೆ ಐದು ಟರ್ನ್ (ಅಂಗಳದಲ್ಲಿರುವ ಎಲ್ಲರೂ ಒಂದೊಂದು ಸಲ ಆಡುವ ಸುತ್ತು) ಇರುತ್ತದೆ; ಆ ಐದರಲ್ಲಿ ಯಾವ ಟರ್ನಿನಲ್ಲಿ ಯಾರು ಅಂಗಳದಲ್ಲಿರಬೇಕು, ಯಾರು ಯಾರಿಗಿಂತ ಮೊದಲು ಹೊಡೆಯಬೇಕು, ಮಳೆ ನಿಂತ ಮೇಲೆ ಯಾರು ಉಳಿದಿರಬೇಕು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಾಗಿ ಈ ತಂಡ ಬೆಳೆಯಿತು. ಕಾರವಾರದಲ್ಲಿ ಕೂತು ನಾನು, ಶಿರಸಿಯಲ್ಲಿ ಕೂತು ನನ್ನ ಅಕ್ಕನ ಮಗ, ಒಂದು ಮಳೆಗಾಲವಿಡೀ ಎದುರುಬದುರಾಗಿ ಆಡಿ ಇದನ್ನು ತಿದ್ದಿದ್ದೇವೆ. ಅದನ್ನು ಕಟ್ಟಿದ ರೀತಿಯನ್ನು ಸಾಧ್ಯವಾದಷ್ಟು ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಿಯಮಗಳನ್ನು ಮೊದಲು ಹೇಳಬೇಕು. ಅಧಿಕೃತ ಸ್ಪರ್ಧೆಯನ್ನು ವಿಜಿಸಿ (ವಿಡಿಯೋ ಗೇಮ್ ಚಾಂಪಿಯನ್‌ಶಿಪ್ಸ್) ಎನ್ನುತ್ತಾರೆ. ಇಲ್ಲಿ ಅಂಗಳದಲ್ಲಿ ಪ್ರತಿ ಕಡೆ ಇಬ್ಬಿಬ್ಬರು ನಿಂತು ಆಡುವ ಡಬಲ್ಸ್ ಪಂದ್ಯ ನಡೆಯುತ್ತದೆ. ಆರರ ತಂಡವನ್ನು ಒಯ್ದು, ಎದುರಾಳಿಯ ಆರನ್ನು ನೋಡಿದ ಮೇಲೆ ನಾಲ್ಕನ್ನು ಮಾತ್ರ ಆರಿಸಿ ಆಡಬೇಕು. ಎಲ್ಲವೂ 50ನೆಯ ಲೆವೆಲ್‌ನಲ್ಲಿರುತ್ತವೆ, ಒಂದೇ ಪೊಕೆಮಾನ್ ಎರಡು ಸಲ ಬರುವಂತಿಲ್ಲ, ಒಂದೇ ಐಟಂ ಇಬ್ಬರ ಕೈಯಲ್ಲಿ ಇರುವಂತಿಲ್ಲ. ನಾನು ಹೇಳುತ್ತಿರುವ ತಂಡವನ್ನು 2024ರ ಸೆಪ್ಟೆಂಬರಿನಲ್ಲಿ ಆರಂಭವಾದ ರೆಗ್ಯುಲೇಷನ್ ಎಚ್ ಎಂಬ ನಿಯಮಾವಳಿಗಾಗಿ ಕಟ್ಟಿದ್ದು. ಅದರಲ್ಲಿ ಲೆಜೆಂಡರಿ ಎನ್ನುವ ಅಪರೂಪದ ಪೊಕೆಮಾನ್‌ಗಳಿಗೂ, ಪುರಾತನ ಅಥವಾ ಭವಿಷ್ಯದ ರೂಪದ ಪ್ಯಾರಡಾಕ್ಸ್ ಪೊಕೆಮಾನ್‌ಗಳಿಗೂ ಅವಕಾಶವಿರಲಿಲ್ಲ. ಆಗ ಅಧಿಕೃತ ಪಂದ್ಯಕ್ಕೆ ನಿಂಟೆಂಡೊ ಸ್ವಿಚ್ ಬೇಕೇ ಬೇಕಿತ್ತು. ಅಭ್ಯಾಸಕ್ಕೆ ಮಾತ್ರ ಬ್ರೌಸರಿನಲ್ಲೇ ಉಚಿತವಾಗಿ ಆಡಬಹುದಾದ ಪೊಕೆಮಾನ್ ಶೋಡೌನ್ ಧಾರಾಳ ಸಾಕು. ಅದಕ್ಕೆ ಬೇಕಾಗುವ ಡೇಟಾ ಕಡಿಮೆಯಾದ್ದರಿಂದ, ಆಷಾಢದಲ್ಲಿ ಘಟ್ಟದ ಮೇಲೆ ಕರೆಂಟು ಹೋಗಿ ಮೊಬೈಲಿನ ಒಂದೇ ಕಡ್ಡಿ ನೆಟ್‌ವರ್ಕ್ ಉಳಿದಾಗಲೂ ಪಂದ್ಯ ನಡೆಯುತ್ತದೆ.

ತಂಡದ ಬುಡದಲ್ಲಿರುವುದು ಪೆಲಿಪರ್ ಮತ್ತು ಆರ್ಕಲುಡಾನ್ ಜೋಡಿ. ಪೆಲಿಪರ್‌ನ ಡ್ರಿಜಲ್ ಅಬಿಲಿಟಿಯಿಂದ, ಅಂದರೆ ತಾನಾಗಿ ಚಾಲೂ ಆಗುವ ಗುಣದಿಂದ, ಅದು ಅಂಗಳಕ್ಕಿಳಿದ ಕೂಡಲೇ ಮಳೆ ಶುರುವಾಗುತ್ತದೆ. ಆರ್ಕಲುಡಾನ್ 2023ರ ಡಿಸೆಂಬರಿನಲ್ಲಿ ಬಂದ ಸ್ಟೀಲ್ ಮತ್ತು ಡ್ರಾಗನ್ ಟೈಪಿನ ಪೊಕೆಮಾನ್. ಅದರ ಎಲೆಕ್ಟ್ರೋ ಶಾಟ್ ಎಂಬ ಮೂವ್ (ನಾವು ಆರಿಸಿ ಆಡಿಸುವ ಪಟ್ಟು) 130 ಶಕ್ತಿಯದು. ಸಾಮಾನ್ಯವಾಗಿ ಅದು ಒಂದು ಟರ್ನ್ ಚಾರ್ಜ್ ಆಗಿ ಮರು ಟರ್ನಿನಲ್ಲಿ ಹೊಡೆಯುತ್ತದೆ, ಚಾರ್ಜ್ ಆಗುವಾಗ ವಿಶೇಷ ದಾಳಿಯನ್ನು (ದೈಹಿಕವಲ್ಲದ ಹೊಡೆತಗಳ ಬಲವನ್ನು) ಒಂದು ಹಂತ ಏರಿಸುತ್ತದೆ. ಮಳೆಯಲ್ಲಿ ಕಾಯುವಿಕೆ ಇಲ್ಲ. ಏರಿಕೆಯೂ ಹೊಡೆತವೂ ಒಂದೇ ಟರ್ನಿನಲ್ಲಿ ಆಗಿಹೋಗುತ್ತವೆ. ಹೀಗಾಗಿ ಮಳೆಯ ಪ್ರತಿ ಟರ್ನಿಗೂ ಈ ಜೋಡಿಯ ಬೆಲೆ ಏರುತ್ತಲೇ ಹೋಗುತ್ತದೆ, ಮಳೆ ನಿಂತ ಕ್ಷಣಕ್ಕೆ ಬಿದ್ದುಬಿಡುತ್ತದೆ.

ಪೆಲಿಪರ್ ಟೇಲ್‌ವಿಂಡ್ ಕೂಡ ಬೀಸಬಲ್ಲದು. ಟೇಲ್‌ವಿಂಡ್ ನಮ್ಮ ಕಡೆಯ ಎಲ್ಲರ ವೇಗವನ್ನು ದ್ವಿಗುಣಗೊಳಿಸುತ್ತದೆ, ಆದರೆ ಅದರ ಆಯುಷ್ಯ ಬೀಸಿದ ಟರ್ನನ್ನೂ ಸೇರಿಸಿ ನಾಲ್ಕು. ಮೊದಲ ಟರ್ನಿನಲ್ಲಿ ಪೆಲಿಪರ್ ಅದನ್ನು ಬೀಸಿತೆನ್ನಿ. ಎರಡು, ಮೂರು, ನಾಲ್ಕನೆಯ ಟರ್ನ್‌ಗಳಲ್ಲಿ ಮಾತ್ರ ಗಾಳಿಯೂ ಮಳೆಯೂ ಪೂರ್ತಿಯಾಗಿ ಜೊತೆಯಲ್ಲಿರುತ್ತವೆ, ಐದನೆಯದರಲ್ಲಿ ಮಳೆಯೊಂದೇ ಉಳಿಯುತ್ತದೆ. ಈ ಮೂರು ಟರ್ನ್‌ಗಳೇ ನನ್ನ ತಂಡದ ಬಂಡವಾಳ. ಉಳಿದ ನಾಲ್ವರನ್ನು ಆರಿಸುವಾಗ, ಇವರು ಆ ಮೂರು ಟರ್ನ್‌ಗಳನ್ನು ಕಾಯುತ್ತಾರೆಯೇ ಅಥವಾ ಅವು ಮುಗಿದ ಮೇಲೆ ಆಟವನ್ನು ಹೊತ್ತುಕೊಳ್ಳುತ್ತಾರೆಯೇ ಎಂಬುದನ್ನೇ ನಾನು ಕೇಳಿಕೊಂಡೆ.

ಡ್ಯಾಂಪ್ ರಾಕ್ ಎಂಬ ಐಟಂ ಹಿಡಿಸಿದರೆ ಮಳೆ ಎಂಟು ಟರ್ನ್ ಇರುತ್ತದಲ್ಲ ಎಂದು ಕೇಳಬಹುದು. ನನ್ನ ಮಟ್ಟಿಗೆ ಡಬಲ್ಸ್‌ನಲ್ಲಿ ಅದು ದುಬಾರಿಯ ಆಯ್ಕೆ. ಪಂದ್ಯದ ದಿಕ್ಕು ಮೊದಲ ನಾಲ್ಕೈದು ಟರ್ನ್‌ಗಳಲ್ಲೇ ತೀರ್ಮಾನವಾಗುತ್ತದೆ, ಮತ್ತು ಪೆಲಿಪರ್ ಬದುಕಿದ್ದರೆ ಅದನ್ನು ಹಿಂದಕ್ಕೆ ಕರೆದು ಮತ್ತೆ ಇಳಿಸಿ ಮಳೆಯನ್ನು ಹೊಸದಾಗಿ ತರಬಹುದು. ಬದುಕಿರುವುದು ಮುಖ್ಯವಾದ್ದರಿಂದ ಅದರ ಕೈಗೆ ಫೋಕಸ್ ಸ್ಯಾಶ್ ಕೊಟ್ಟಿದ್ದೇನೆ; ಪೂರ್ಣ ಆರೋಗ್ಯದಲ್ಲಿದ್ದಾಗ ಬಿದ್ದ ಒಂದು ಮಾರಕ ಹೊಡೆತವನ್ನು ಅದು ಒಂದು ಎಚ್‌ಪಿ (ಆರೋಗ್ಯದ ಅಂಕ) ಉಳಿಸಿಕೊಂಡು ತಾಳುತ್ತದೆ. ಎಲೆಕ್ಟ್ರಿಕ್ ಹೊಡೆತಕ್ಕೆ ನಾಲ್ಕು ಪಟ್ಟು ಪೆಟ್ಟು ತಿನ್ನುವ ಪೆಲಿಪರ್‌ಗೆ ಇದಕ್ಕಿಂತ ಬೇರೆ ರಕ್ಷೆ ನನಗೆ ಕಾಣಲಿಲ್ಲ. ಮೂವ್‌ಗಳು ವೆದರ್ ಬಾಲ್, ಹರಿಕೇನ್, ಟೇಲ್‌ವಿಂಡ್ ಮತ್ತು ಇಬ್ಬರಿಗೂ ಒಟ್ಟಿಗೆ ಬೀಳುವ ಹೊಡೆತಗಳನ್ನು ತಡೆಯುವ ವೈಡ್ ಗಾರ್ಡ್. ಹರಿಕೇನ್ ಮಾಮೂಲಿಯಾಗಿ ನೂರಕ್ಕೆ 70ರಷ್ಟೇ ತಗಲುವಂಥದ್ದು, ಮಳೆಯಲ್ಲಿ ಗುರಿ ತಪ್ಪುವುದಿಲ್ಲ.

ಈಗ ನನಗೆ ಅತ್ಯಂತ ಪ್ರಿಯವಾದ ಭಾಗಕ್ಕೆ, ವೇಗದ ಲೆಕ್ಕಕ್ಕೆ ಬರುತ್ತೇನೆ. ಒಂದು ಪೊಕೆಮಾನ್‌ಗೆ ಒಟ್ಟು 510 ಇವಿ (ತರಬೇತಿಯ ಅಂಕ) ಹಂಚಬಹುದು, ದಾಳಿ, ವೇಗದಂಥ ಒಂದು ಸ್ಟ್ಯಾಟ್‌ಗೆ ಹೆಚ್ಚೆಂದರೆ 252. ಲೆವೆಲ್ 50ರಲ್ಲಿ ಮೊದಲ ನಾಲ್ಕು ಇವಿಗೆ ಒಂದು ಅಂಕ, ಆಮೇಲೆ ಪ್ರತಿ ಎಂಟಕ್ಕೆ ಒಂದು ಅಂಕ ಸಿಗುತ್ತದೆ. ಆರ್ಕಲುಡಾನ್‌ನ ಮೂಲ ವೇಗ 85. ಇವಿ ಏನೂ ಹಾಕದಿದ್ದರೆ ಅಂಗಳದಲ್ಲಿ ಅದರ ವೇಗ 105, ಟೇಲ್‌ವಿಂಡ್‌ನಲ್ಲಿ 210. ಪೂರ್ತಿ ವೇಗ ಹಾಕಿ ಎದುರು ಬರುವ ಸ್ನೀಸ್ಲರ್ 189ರಲ್ಲಿ ಓಡುವುದರಿಂದ 210 ಸಾಕೆಂದು ತೋರುತ್ತದೆ. ಆದರೆ ಪೂರ್ತಿ ವೇಗದ ಡ್ರಾಗಪಲ್ಟ್ 213ರಲ್ಲಿ ಓಡುತ್ತದೆ. ನಾಲ್ಕು ಇವಿ ಹಾಕಿದರೆ ಆರ್ಕಲುಡಾನ್ 106, ಅಂದರೆ ಗಾಳಿಯಲ್ಲಿ 212. ಒಂದು ಅಂಕ ಕಡಿಮೆಯಾಯಿತು. ಹನ್ನೆರಡು ಹಾಕಿದರೆ 107, ಅಂದರೆ 214. ಒಂದು ಅಂಕ ಹೆಚ್ಚಾಯಿತು. ಡ್ರಾಗಪಲ್ಟ್ ಅಲುಗುವ ಮೊದಲೇ ಆರ್ಕಲುಡಾನ್‌ನ ಡ್ರಾಕೋ ಮೀಟಿಯರ್ ಎಂಬ ಮೂವ್ ಅದರ ಮೇಲೆ ಬೀಳುತ್ತದೆ.

ಈ ಹೆಚ್ಚುವರಿ ಎಂಟು ಇವಿಯನ್ನು ಎಲ್ಲಿಂದ ತೆಗೆಯುವುದು? ಎಚ್‌ಪಿಯ 252 ಅನ್ನು ಮುಟ್ಟದೆ, ವಿಶೇಷ ದಾಳಿಯನ್ನು 252ರಿಂದ 244ಕ್ಕೆ ಇಳಿಸಿದೆ. ಮಾಡೆಸ್ಟ್ ನೇಚರ್‌ನಲ್ಲಿ (ನೇಚರ್ ಎಂದರೆ ಒಂದು ಸ್ಟ್ಯಾಟ್ ಏರಿಸಿ ಇನ್ನೊಂದನ್ನು ತಗ್ಗಿಸುವ ಸ್ವಭಾವ) ವಿಶೇಷ ದಾಳಿ 194ರ ಬದಲು 193 ಆಯಿತು, ಅಷ್ಟೇ. ಒಂದು ಅಂಕ ಕೊಟ್ಟು ಡ್ರಾಗಪಲ್ಟ್‌ಗಿಂತ ಮೊದಲಿನ ಸರದಿಯನ್ನು ಕೊಂಡಂತಾಯಿತು. ಅಧಿಕೃತ ಸ್ಪರ್ಧೆಗಳಲ್ಲಿ ಆಗ ಎದುರಾಳಿಯ ತಂಡದ ಮೂವ್, ಐಟಂ, ಅಬಿಲಿಟಿ, ಟೆರಾ ಟೈಪ್ (ಪಂದ್ಯದ ನಡುವೆ ಒಮ್ಮೆ ಬದಲಾಗಿ ತಳೆಯಬಹುದಾದ ಟೈಪ್) ಎಲ್ಲವೂ ಮೊದಲೇ ಕೈಗೆ ಸಿಗುತ್ತಿದ್ದವು, ಆದರೆ ಇವಿ ಹಂಚಿಕೆ ಸಿಗುತ್ತಿರಲಿಲ್ಲ. ಹಾಗಾಗಿ ತಂಡ ಕಟ್ಟುವವನ ನಿಜವಾದ ಶ್ರಮ ಕೂತಿರುವುದು ಈ ಅಂಕಗಳಲ್ಲೇ ಎಂದು ನಾನು ದೃಢವಾಗಿ ನಂಬುತ್ತೇನೆ.

ಆರ್ಕಲುಡಾನ್‌ಗೆ ಅಸಾಲ್ಟ್ ವೆಸ್ಟ್ ಹಿಡಿಸಿದ್ದೇನೆ. ಅದರಿಂದ ವಿಶೇಷ ರಕ್ಷಣೆ ಒಂದೂವರೆ ಪಟ್ಟಾಗುತ್ತದೆ. ದೈಹಿಕ ಹೊಡೆತಗಳನ್ನು ಸ್ಟ್ಯಾಮಿನಾ ಅಬಿಲಿಟಿ ನೋಡಿಕೊಳ್ಳುತ್ತದೆ, ಪೆಟ್ಟು ತಿಂದಾಗಲೆಲ್ಲ ರಕ್ಷಣೆ ಒಂದು ಹಂತ ಏರುತ್ತದೆ. ಅದಕ್ಕೆ ಹೆದರಿಕೆ ಗ್ರೌಂಡ್ ಮತ್ತು ಫೈಟಿಂಗ್ ಟೈಪಿನದು, ಜೊತೆಗೆ ಅಮೂಂಗಸ್‌ನ ಸ್ಪೋರ್ ಎಂಬ ನಿದ್ದೆಯ ಪುಡಿಯದು. ಟೆರಾ ಟೈಪನ್ನು ಗ್ರಾಸ್ ಮಾಡಿದರೆ ಈ ಮೂರೂ ಒಟ್ಟಿಗೆ ಬಗೆಹರಿಯುತ್ತವೆ. ಗ್ರೌಂಡ್ ಅರ್ಧಕ್ಕಿಳಿಯುತ್ತದೆ, ಫೈಟಿಂಗ್ ಸಾಮಾನ್ಯವಾಗುತ್ತದೆ, ಪುಡಿಯ ಮೂವ್‌ಗಳು ಗ್ರಾಸ್ ಟೈಪಿನ ಮೇಲೆ ನಡೆಯುವುದೇ ಇಲ್ಲ. ಅಮೂಂಗಸ್ ರೇಜ್ ಪೌಡರ್ ಹಾಕಿ ಹೊಡೆತವನ್ನು ತನ್ನತ್ತ ಎಳೆದುಕೊಳ್ಳಲು ನೋಡಿದರೂ ಎಲೆಕ್ಟ್ರೋ ಶಾಟ್ ನಾವು ಗುರಿಯಿಟ್ಟವರಿಗೇ ಹೋಗಿ ಬೀಳುತ್ತದೆ. ಗ್ರಾಸ್ ಆದ ಮೇಲೆ ಬೆಂಕಿಯ ಭಯ ಹುಟ್ಟುವುದು ಸಹಜ, ಆದರೆ ಮಳೆಯಲ್ಲಿ ಫೈರ್ ಮೂವ್‌ಗಳ ಬಲ ಅರ್ಧಕ್ಕಿಳಿದಿರುತ್ತದೆ.

ಮಳೆಯ ಮೂರನೆಯ ಪಾಲುದಾರ ಬ್ಯಾಸ್ಕ್ಯುಲೀಜನ್. ಸ್ವಿಫ್ಟ್ ಸ್ವಿಮ್ ಅಬಿಲಿಟಿಯಿಂದ ಮಳೆಯಲ್ಲಿ ಅದರ ವೇಗ ತಾನೇ ದ್ವಿಗುಣವಾಗುವುದರಿಂದ, ಟೇಲ್‌ವಿಂಡ್ ಮುಗಿದ ಐದನೆಯ ಟರ್ನಿನಲ್ಲೂ ಅದು ಮುಂದೆಯೇ ಓಡುತ್ತದೆ. ವೇವ್ ಕ್ರ್ಯಾಶ್ ಹೊಡೆದಾಗ ಮಾಡಿದ ಹಾನಿಯ ಮೂರನೇ ಒಂದು ಭಾಗ ತನಗೇ ತಿರುಗುವುದರಿಂದ, ಇನ್ನಷ್ಟು ಎಚ್‌ಪಿ ತಿನ್ನುವ ಲೈಫ್ ಆರ್ಬ್ ಬೇಡವೆಂದು, ನೀರಿನ ಹೊಡೆತಗಳ ಬಲ ಏರಿಸುವ ಮಿಸ್ಟಿಕ್ ವಾಟರ್ ಕೊಟ್ಟೆ. ಲಾಸ್ಟ್ ರೆಸ್ಪೆಕ್ಟ್ಸ್ ಎಂಬ ಮೂವ್ ಬಿದ್ದುಹೋದ ಪ್ರತಿ ಸಂಗಾತಿಗೆ 50ರಂತೆ ಬಲವಾಗುತ್ತದೆ; ಪೆಲಿಪರ್ ತನ್ನ ಕೆಲಸ ಮುಗಿಸಿ ಬಿದ್ದರೆ ಅದೂ ಬ್ಯಾಸ್ಕ್ಯುಲೀಜನ್‌ನ ಲೆಕ್ಕಕ್ಕೆ ಸೇರುತ್ತದೆ.

ಉಳಿದ ಮೂವರನ್ನು ಮಳೆಯೇ ಇಲ್ಲದಿದ್ದರೂ ಆಡಬಲ್ಲವರೆಂದು ಆರಿಸಿದೆ: ರಿಲ್ಲಬೂಮ್, ಸ್ನೀಸ್ಲರ್, ಇನ್ಸಿನರೋರ್. ರಿಲ್ಲಬೂಮ್ ಇಳಿದಾಗ ಗ್ರಾಸಿ ಟೆರೇನ್ ಎಂಬ ಹುಲ್ಲುಹಾಸು ಹರಡುತ್ತದೆ, ಅದರಲ್ಲಿ ಗ್ರಾಸಿ ಗ್ಲೈಡ್ ಎಂಬ ಮೂವ್ ವೇಗ ಲೆಕ್ಕಿಸದೆ ಮೊದಲು ಬೀಳುತ್ತದೆ. ಅಷ್ಟೇ ಅಲ್ಲ, ಎದುರಿನವರ ಗ್ರೌಂಡ್ ಟೈಪಿನ ಅರ್ಥ್‌ಕ್ವೇಕ್‌ನ ಬಲ ಅರ್ಧವಾಗುವುದರಿಂದ ಟೆರಾ ಬಳಸದೆಯೇ ಆರ್ಕಲುಡಾನ್ ಉಸಿರಾಡುತ್ತದೆ. ಸ್ನೀಸ್ಲರ್ ಕೈಯಲ್ಲಿರುವ ಗ್ರಾಸಿ ಸೀಡ್ ಆ ಟೆರೇನ್‌ನಲ್ಲಿ ಒಡೆದು ಅದರ ರಕ್ಷಣೆ ಏರಿಸುತ್ತದೆ, ಕೈ ಖಾಲಿಯಾದ ಕೂಡಲೇ ಅನ್‌ಬರ್ಡನ್ ಅಬಿಲಿಟಿ ವೇಗವನ್ನು ದ್ವಿಗುಣ ಮಾಡುತ್ತದೆ. ರಿಲ್ಲಬೂಮ್‌ಗೂ ಅಸಾಲ್ಟ್ ವೆಸ್ಟೇ ಹೇಳಿ ಮಾಡಿಸಿದ ಐಟಂ, ಆದರೆ ಅದು ಆರ್ಕಲುಡಾನ್ ಪಾಲಾಗಿತ್ತು. ಗ್ರಾಸ್ ಹೊಡೆತಗಳ ಬಲ ಏರಿಸುವ ಮಿರಾಕಲ್ ಸೀಡ್ ಕೊಟ್ಟು ಸಮಾಧಾನ ಮಾಡಿಕೊಂಡೆ.

ಇನ್ಸಿನರೋರ್ ಮಳೆಯ ತಂಡದಲ್ಲಿ ಏಕೆ, ಅದರ ಬೆಂಕಿ ಆರಿಹೋಗುತ್ತದಲ್ಲ ಎಂದು ಹಲವರು ಕೇಳಿದ್ದಾರೆ. ನಮ್ಮ ಬಡಗುತಿಟ್ಟಿನ ಮೇಳದಲ್ಲಿ ಕುಣಿಯುವ ವೇಷವನ್ನು ಎತ್ತಿ ನಿಲ್ಲಿಸುವುದು ಹಿಮ್ಮೇಳವಾಗಿರುವಂತೆ, ಇನ್ಸಿನರೋರ್‌ನ ಕೆಲಸ ಹೊಡೆಯುವುದಲ್ಲ, ಹೊಡೆಯುವವರಿಗೆ ಜಾಗ ಮಾಡಿಕೊಡುವುದು. ಅದರ ಇಂಟಿಮಿಡೇಟ್ ಅಬಿಲಿಟಿ ಎದುರಿನ ಇಬ್ಬರ ದೈಹಿಕ ದಾಳಿಯನ್ನೂ ತಗ್ಗಿಸುತ್ತದೆ, ಫೇಕ್ ಔಟ್ ಒಬ್ಬರನ್ನು ಒಂದು ಟರ್ನ್ ತಡೆಯುತ್ತದೆ, ಪಾರ್ಟಿಂಗ್ ಶಾಟ್ ಎದುರಾಳಿಯನ್ನು ದುರ್ಬಲಗೊಳಿಸಿ ತಾನು ಹಿಂದೆ ಸರಿದು ಬೇರೊಬ್ಬರಿಗೆ ದಾರಿ ಬಿಡುತ್ತದೆ. ಕಿಂಗ್ಯಾಂಬಿಟ್ ಎದುರಿದ್ದರೆ ಮಾತ್ರ ಇನ್ಸಿನರೋರನ್ನು ಇಳಿಸಲು ಹಿಂಜರಿಯುತ್ತೇನೆ, ಏಕೆಂದರೆ ಕಿಂಗ್ಯಾಂಬಿಟ್ ತನ್ನ ಡಿಫೈಯಂಟ್ ಅಬಿಲಿಟಿಯಿಂದ ಇಂಟಿಮಿಡೇಟ್‌ನ ಲಾಭವನ್ನು ತಿರುಗಿಸಿ ತನ್ನ ದಾಳಿಯನ್ನು ಎರಡು ಹಂತ ಏರಿಸಿಕೊಳ್ಳುತ್ತದೆ. ಅಂಥ ಪಂದ್ಯದಲ್ಲಿ ಸ್ನೀಸ್ಲರ್‌ನ ಕ್ಲೋಸ್ ಕಾಂಬ್ಯಾಟ್ ಎಂಬ ಮೂವ್ ಕಿಂಗ್ಯಾಂಬಿಟ್ ಮೇಲೆ ನಾಲ್ಕು ಪಟ್ಟಾಗಿ ಬೀಳುತ್ತದೆ.

ತಂಡ ಸಿದ್ಧವಾದ ಮೇಲೆ ನಿಜವಾದ ಅಭ್ಯಾಸ ನಡೆದದ್ದು ಹವಾಮಾನದ ಜಗಳದ ಮೇಲೆ. ಎರಡೂ ಕಡೆ ಹವಾಮಾನ ತರುವವರು ಒಟ್ಟಿಗೆ ಇಳಿದರೆ, ವೇಗ ಹೆಚ್ಚಿರುವವರ ಅಬಿಲಿಟಿ ಮೊದಲು ಚಾಲೂ ಆಗುತ್ತದೆ, ನಿಧಾನದವರದು ಆಮೇಲೆ ಬಂದು ಅದನ್ನು ಅಳಿಸಿಬಿಡುತ್ತದೆ. ಅಂದರೆ ಇಲ್ಲಿ ನಿಧಾನವೇ ಲಾಭ. ಪೆಲಿಪರ್‌ನ ವೇಗ ಇವಿ ಇಲ್ಲದೆ 85, ಮರಳುಗಾಳಿ ತರುವ ಟಿರಾನಿಟಾರ್‌ನದು 81. ವೇಗವನ್ನು ತಗ್ಗಿಸುವ ಕ್ವಯಟ್ ನೇಚರ್ ಕೊಟ್ಟಾಗ ಪೆಲಿಪರ್ 76ಕ್ಕೆ ಇಳಿದು ಮಳೆಯೇ ಉಳಿಯುವಂತಾಯಿತು. ಆದರೆ ಬಿಸಿಲು ತರುವ ಟಾರ್ಕೋಲ್‌ನ ಮೂಲ ವೇಗ 20. ಅದಕ್ಕಿಂತ ನಿಧಾನವಾಗುವುದು ಪೆಲಿಪರ್‌ಗೆ ಸಾಧ್ಯವೇ ಇಲ್ಲ.

ಶಿರಸಿಯ ಹುಡುಗ ಟಾರ್ಕೋಲ್ ತಂಡವನ್ನೇ ಆಡುತ್ತಿದ್ದ. “ಮಾವಾ, ಬಿಸಿಲು ಬಪ್ಪುದು ಗೊತ್ತಿದ್ದೂ ಪೆಲಿಪರನ್ನು ಎಂತಕ್ಕೆ ಮೊದಲೇ ಇಳಿಸ್ತೆ?” ಎಂದು ಅವನು ಫೋನಿನಲ್ಲಿ ಕೇಳಿದ್ದೇ ಈ ತಂಡದ ಎರಡನೆಯ ಯೋಜನೆಗೆ ಬೀಜವಾಯಿತು. ಟಾರ್ಕೋಲ್ ಕಂಡರೆ ಈಗ ನಾನು ಇನ್ಸಿನರೋರ್ ಮತ್ತು ರಿಲ್ಲಬೂಮ್ ಜೊತೆ ಆರಂಭಿಸುತ್ತೇನೆ, ಪೆಲಿಪರ್ ಮತ್ತು ಆರ್ಕಲುಡಾನ್ ಹಿಂದೆ ಇರುತ್ತವೆ. ಮೊದಲ ಟರ್ನಿನಲ್ಲಿ ಫೇಕ್ ಔಟ್. ಎರಡನೆಯದರಲ್ಲಿ ಪಾರ್ಟಿಂಗ್ ಶಾಟ್. ಇನ್ಸಿನರೋರ್ ನಿಧಾನವಾದ್ದರಿಂದ ಟಾರ್ಕೋಲ್‌ನ ಪಕ್ಕದಲ್ಲಿರುವ ವೇಗದ ದಾಳಿಕೋರ ಹೊಡೆದು ಮುಗಿಸಿದ ಮೇಲೆ ಅದು ಸರಿಯುತ್ತದೆ, ಪೆಲಿಪರ್ ಆಗ ಇಳಿದು ಬಿಸಿಲನ್ನು ಅಳಿಸುತ್ತದೆ. ಇಳಿದ ಟರ್ನೂ ಲೆಕ್ಕಕ್ಕೆ ಸೇರುವುದರಿಂದ ಕೈಯಲ್ಲಿ ನಾಲ್ಕು ಟರ್ನಿನ ಮಳೆ ಉಳಿಯುತ್ತದೆ. ಬಿಸಿಲನ್ನು ಮತ್ತೆ ತರಲು ಟಾರ್ಕೋಲ್ ಹಿಂದೆ ಹೋಗಿ ಮರಳಿ ಬರಬೇಕು. ಆ ಹೊತ್ತಿಗೆ ಆರ್ಕಲುಡಾನ್ ಎರಡು ಸಲ ಎಲೆಕ್ಟ್ರೋ ಶಾಟ್ ಹೊಡೆದಿರುತ್ತದೆ.

ನಿಧಾನದವರೇ ಮೊದಲು ಹೊಡೆಯುವಂತೆ ಮಾಡುವ ಟ್ರಿಕ್ ರೂಮ್ ಎಂಬ ಮೂವ್ ನೆಚ್ಚಿದ ತಂಡಗಳ ಎದುರಿಗೆ ಅದನ್ನು ತಡೆಯುವ ಗೋಜಿಗೆ ನಾನು ಹೋಗುವುದಿಲ್ಲ. ಫ್ಯಾರಿಜಿರಾಫ್‌ನಂಥವು ತಮ್ಮ ಅಬಿಲಿಟಿಯಿಂದ ಫೇಕ್ ಔಟನ್ನೇ ನಡೆಯಗೊಡುವುದಿಲ್ಲ. ಟ್ರಿಕ್ ರೂಮ್ ಕೂಡ ಐದು ಟರ್ನಿನದೇ, ಹಾಕಿದ ಟರ್ನ್ ಕಳೆದರೆ ನಾಲ್ಕು. ಆ ನಾಲ್ಕನ್ನು ಇಂಟಿಮಿಡೇಟ್, ವೈಡ್ ಗಾರ್ಡ್ ಮತ್ತು ಸರಿಯಾದ ಹೊತ್ತಿನ ಅದಲುಬದಲಿಯಿಂದ ಕಳೆದು, ವೇಗ ಮಾಮೂಲಿಗೆ ಬರುವ ಟರ್ನಿಗೆ ಹೊಸ ಮಳೆ ತರುತ್ತೇನೆ. ಅಭ್ಯಾಸದ ರಿಪ್ಲೇ ನೋಡುವಾಗ ನಾನು ಗೆಲುವು ಸೋಲಿಗಿಂತ ಮೊದಲು ಬರೆದುಕೊಳ್ಳುವುದು ಮಳೆ ಯಾವ ಟರ್ನಿನಲ್ಲಿ ನಿಂತಿತು, ಆಗ ಅಂಗಳದಲ್ಲಿ ಯಾರಿದ್ದರು ಎಂಬುದನ್ನು. ತಂಡದಲ್ಲಿ ಒಂದು ಸಲಕ್ಕೆ ಒಂದೇ ಮೂವ್ ಅಥವಾ ಒಂದೇ ಐಟಂ ಬದಲಿಸುತ್ತೇನೆ, ಇಲ್ಲವಾದರೆ ಯಾವ ಬದಲಾವಣೆ ಫಲ ಕೊಟ್ಟಿತೆಂದು ತಿಳಿಯುವುದಿಲ್ಲ.

ದೊಡ್ಡ ಲೆಜೆಂಡರಿಗಳಲ್ಲಿ ಒಂದಕ್ಕೆ ಅವಕಾಶ ಕೊಡುವ ರೆಗ್ಯುಲೇಷನ್ ಜಿ ಮರಳಿ ಬಂದಾಗ, ಮಳೆ ತರುವ ಲೆಜೆಂಡರಿ ಕ್ಯೋಗರ್ ಇರುವಾಗ ಪೆಲಿಪರ್ ಏಕೆ ಎಂದು ಜೊತೆಯವರು ಕೇಳಿದರು. ಕ್ಯೋಗರ್‌ನ ಹೊಡೆತ ಎಷ್ಟೋ ಪಾಲು ಭಾರಿಯಾದುದು, ನಿಜ. ಆದರೆ ಅದಕ್ಕೆ ಟೇಲ್‌ವಿಂಡ್ ಇಲ್ಲ, ಮತ್ತು ಅದರ ಮೂಲ ವೇಗವೂ ಬಿಸಿಲು ತರುವ ಗ್ರೌಡಾನ್‌ನ ಮೂಲ ವೇಗವೂ 90 ಆಗಿರುವುದರಿಂದ ಹವಾಮಾನ ಯಾರದೆಂಬುದು ಇವಿ ಮತ್ತು ನೇಚರ್ ಮೇಲೆ ನಿಲ್ಲುತ್ತದೆ. 76 ವೇಗದ ಪೆಲಿಪರ್‌ಗೆ ಗ್ರೌಡಾನ್ ಆಗಲಿ ಬಿಸಿಲನ್ನೇ ತರುವ 135ರ ಮೂಲ ವೇಗದ ಕೊರೈಡಾನ್ ಆಗಲಿ ಆರಂಭದಲ್ಲಿ ಹವಾಮಾನವನ್ನು ಬಿಟ್ಟುಕೊಡಲೇಬೇಕು. ಹಾಗಾಗಿ ಆ ತಂಡದಲ್ಲೂ ಪೆಲಿಪರ್‌ನ ಜಾಗವನ್ನು ನಾನು ಬದಲಿಸಲಿಲ್ಲ. ಲೆಜೆಂಡರಿಗಾಗಿ ತೆರವು ಮಾಡಿದ್ದು ಬ್ಯಾಸ್ಕ್ಯುಲೀಜನ್‌ನ ಜಾಗವನ್ನು.